ಘಾಲಿಯಾ ಮುಚ್ಚಿಟ್ಟ ಹೆರಿಗೆ

ಲುತ್ಫಿಯಾ ಹೆತ್ತದ್ದು ಒಂದೇ ಸಲ. ಆದರೆ ಆ ಹೆರಿಗೆಯನ್ನು ನಾವು ದಿನಾ ಮಧ್ಯಾಹ್ನ ಕೇಳಿದೆವು, ಕೇಳಿದಾಗಲೆಲ್ಲ ಅದು ಒಂದು ಗೇಣು ಬೆಳೆದಿರುತ್ತಿತ್ತು.

ನಮ್ಮ ಸನಾ ಊರಿನ ಮನೆಗಳಲ್ಲಿ ಬಾಣಂತಿಗೆ ನಲವತ್ತು ದಿನ ಯಾವ ಕೆಲಸವೂ ಇಲ್ಲ. ಮೆತ್ತೆಯ ಮೇಲೆ ಮೆತ್ತೆ ಪೇರಿಸಿ ಎತ್ತರದಲ್ಲಿ ಕೂರಿಸುತ್ತೇವೆ. ಮಧ್ಯಾಹ್ನ ಇಳಿದ ಮೇಲಿನ ಅಸರ್ ನಮಾಜು ಮುಗಿದದ್ದೇ ನೆರೆಹೊರೆಯ ಹೆಂಗಸರು ಬಂದು, ಕಾಫಿ ಸಿಪ್ಪೆಗೆ ಶುಂಠಿ ಹಾಕಿ ಕುದಿಸಿದ ಕಿಶರ್ ಕುಡಿಯುತ್ತಾ, "ಹೆಂಗಾಯ್ತು, ಹೇಳಮ್ಮ" ಅನ್ನುತ್ತಾರೆ. ನನ್ನ ಎರಡನೆಯ ಸೊಸೆ ಲುತ್ಫಿಯಾಗೆ ಅಷ್ಟೇ ಸಾಕು.

"ಪ್ರಾಣ ಇಲ್ಲಿಗೆ ಬಂದಿತ್ತು," ಎಂದು ಗಂಟಲು ಮುಟ್ಟಿಕೊಳ್ಳುವಳು. "ಕಿಟಕಿಯ ಚೌಕಟ್ಟು ಹಿಡಿದು ಕಿರುಚಿದೆ. ನೋಡಿ, ಮರದ ಮೇಲೆ ನನ್ನ ಉಗುರಿನ ಗುರುತು."

"ಅದು ಬೆಕ್ಕಿನ ಉಗುರು ಅತ್ತೆ," ಎಂದು ಹಿರಿಯ ಸೊಸೆ ಘಾಲಿಯಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಹೋದ ಚಳಿಗಾಲದಿಂದ ಇದೆ."

ಆದರೆ ಹೆಂಗಸರಿಗೆ ಆ ಕಥೆಯ ಹುಚ್ಚು ಹಿಡಿಯಿತು. ಎದುರು ಮನೆಯ ಗರ್ಭಿಣಿ, "ಇವಳು ಇಷ್ಟು ತಡ್ಕೊಂಡ್ಳಲ್ಲ, ನಂಗೇನು ರೋಗ?" ಎಂದವಳೇ ಮನೆಯಲ್ಲೇ ಹೆತ್ತಳು. ಆಮೇಲೆ ಒಣದ್ರಾಕ್ಷಿಯ ತಟ್ಟೆ ಕಳಿಸಿ, ಲುತ್ಫಿಯಾಗೇ ಕೊಡಬೇಕೆಂದು ಹೇಳಿಕಳಿಸಿದಳು. ಆ ತಟ್ಟೆಯಿಂದ ಘಾಲಿಯಾ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಲಿಲ್ಲ.

ಅವಳ ಸಂಕಟ ನನಗೆ ಗೊತ್ತಿತ್ತು. ಅವಳೂ ಅದೇ ಕೋಣೆಯಲ್ಲಿ ನಾಲ್ಕು ಹೆತ್ತವಳು. ಒಂದೊಂದೂ ಹೂವು ಉದುರಿದಷ್ಟು ಸುಲಭ. ಆದರೆ ಸುಲಭವಾದ ಹೆರಿಗೆಯನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೇಳುವವರಲ್ಲಿ ಕಷ್ಟಪಟ್ಟವಳು ಒಬ್ಬಳಾದರೂ ಇರುತ್ತಾಳೆ; ಅವಳ ಕಣ್ಣು ತಾಗಿದರೆ? ಹಾಗಾಗಿ ಘಾಲಿಯಾ ತನ್ನ ನಾಲ್ಕು ಬಾಣಂತನಗಳಲ್ಲೂ "ಕಷ್ಟ ಆಯ್ತು, ದೇವರು ದಾಟಿಸ್ದ" ಎಂದಷ್ಟೇ ಹೇಳಿ ತುಟಿ ಹೊಲಿದುಕೊಂಡಿದ್ದಳು.

ಮೂರನೆಯ ಸೊಸೆ ಬುಶ್ರಾಗೆ ಅದು ಚೊಚ್ಚಲ ಬಸಿರು. ದಿನಾ ಲುತ್ಫಿಯಾಳ ಕಾಲಬಳಿ ಕೂತು ಕೇಳಿದಳು, ದಿನಾ ಬಿಳಿಚಿಕೊಂಡಳು. ಒಂದು ದಿನ, ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳುತ್ತೇನೆ ಎಂದು ಗಂಡನ ಹತ್ತಿರ ಹಟ ಹಿಡಿದಳು. ಓದಿ ತರಬೇತಿ ಪಡೆದ ನಮ್ಮ ಸೂಲಗಿತ್ತಿ ಹಲೀಮಾ ಬಂದು ಹೊಟ್ಟೆ ಮುಟ್ಟಿ, ಕಣ್ಣರೆಪ್ಪೆ ಬಿಡಿಸಿ ನೋಡಿದಳು.

"ತಲೆ ಕೆಳಗಿದೆ, ರಕ್ತ ಚೆನ್ನಾಗಿದೆ. ಯಾವ ಸುಖಕ್ಕೆ ಕೊಯ್ಸ್ಕೊಳ್ತೀಯೆ?"

"ಲುತ್ಫಿಯಕ್ಕನ ಧೈರ್ಯ ನಂಗಿಲ್ಲ."

"ಅದು ಎಲ್ರಿಗೂ ಬರಲ್ಲ ಬಿಡು," ಎಂದಳು ಮೆತ್ತೆಯ ಮೇಲಿಂದ ಲುತ್ಫಿಯಾ, ಬೇಸರವಿಲ್ಲದೆ.

ನಮ್ಮ ಮನೆಯಲ್ಲಿ ನೋವು ತಿನ್ನುವವಳು ಒರಗಿಕೊಳ್ಳಲು ಒಬ್ಬಳನ್ನು ಬೆನ್ನ ಹಿಂದೆ ಕೂರಿಸಿಕೊಳ್ಳುತ್ತಾಳೆ. ಯಾರನ್ನು ಎನ್ನುವುದು ಅವಳ ಇಷ್ಟ. ಘಾಲಿಯಾಳನ್ನು ಈವರೆಗೆ ಒಬ್ಬರೂ ಕರೆದಿರಲಿಲ್ಲ.

"ಕೊಯ್ಸ್ಕೊಂಡ್ರೆ ಹಿಂದೆ ಕೂರೋರೇ ಬೇಡ. ಹೆತ್ರೆ ಆ ಲುತ್ಫಿಯಾನ್ನ ಕರೀತಾಳೆ," ಎಂದಳು ಅಡುಗೆಮನೆಯಲ್ಲಿ. "ಹೆಂಗಾದ್ರೂ ನಾನು ಬಾಗಿಲಾಚೆ."

"ಹೊಟ್ಟೆಕಿಚ್ಚು ಕಣೇ ನಿಂಗೆ."

"ಹೌದು ಅತ್ತೆ, ಇದೆ. ಏನೀಗ?"

ಮರುದಿನ ಕೋಣೆ ತುಂಬಿತ್ತು. ಲುತ್ಫಿಯಾ ತನ್ನ ಕಥೆಯಲ್ಲಿ ಕಿಟಕಿಯ ಚೌಕಟ್ಟಿನವರೆಗೆ ಬಂದಿದ್ದಳು. ಘಾಲಿಯಾ ಕಿಶರ್ ತಟ್ಟೆಯನ್ನು ಠಕ್ಕನೆ ಕೆಳಗಿಟ್ಟು, "ನಂಗೆ ಅಂಥಾ ನೋವೇನೂ ಆಗ್ಲಿಲ್ಲ," ಎಂದಳು.

ಎಲ್ಲರೂ ತಿರುಗಿ ನೋಡಿದರು.

"ದೊಡ್ಡೋನು ಬರೋವಾಗ ಊಟಕ್ಕೆ ನೆನೆಸಿದ ಮೆಂತ್ಯದ ಹಿಟ್ಟು ಕಡೀತಿದ್ದೆ. ನೊರೆ ಬರೋ ಹೊತ್ತಿಗೆ ಸೊಂಟ ಹಿಡ್ಕೊಳ್ತು. ಗೋಡೆಗೆ ಕೈಕೊಟ್ಟು ನಿಂತೆ, ಬಿಡ್ತು. ಮತ್ತೆ ಕಡೆದೆ. ಮತ್ತೆ ಹಿಡೀತು, ಮೆಟ್ಟಿಲು ಹತ್ತಿ ಇಳಿದೆ. ಹಲೀಮಾ ಬಂದ್ಲು, ಅವಳ ಕಿಶರ್ ಆರೋ ಮೊದಲೇ ಮಗು ಬಂತು."

"ಕಣ್ಣು ತಾಗೀತು, ಮಾಶಾಅಲ್ಲಾ ಅನ್ನೇ ಹುಚ್ಚಿ!" ಎಂದು ಒಬ್ಬ ಮುದುಕಿ ಚೀರಿದಳು. "ಬಾಯಿಗೆ ಬಾಗಿಲಿಲ್ವಾ ನಿಂಗೆ?"

ಬುಶ್ರಾ ಮುಂದಕ್ಕೆ ಬಾಗಿದ್ದಳು. "ಅಷ್ಟೇನಾ ಅಕ್ಕ? ಆಮೇಲೆ?"

"ಆಮೇಲೆ ಹಸಿವಾಯ್ತು."

ಕೋಣೆಯೆಲ್ಲ ನಕ್ಕಿತು. ಲುತ್ಫಿಯಾ ಮಾತ್ರ ನಗಲಿಲ್ಲ. "ಇದೂ ಒಂದು ಕಥೇನಾ ಅಕ್ಕ? ಮೊಟ್ಟೆ ಇಡೋ ಕೋಳಿ ಇನ್ನೂ ಜಾಸ್ತಿ ಗದ್ದಲ ಮಾಡುತ್ತೆ."

"ಆ ಗದ್ದಲಕ್ಕೇ ತಾಯಿ, ಈ ಹುಡುಗಿ ಹೆದರಿರೋದು."

ಆಗ ಮೂಲೆಯಲ್ಲಿದ್ದ ಎಣ್ಣೆ ವ್ಯಾಪಾರಿಯ ಹೆಂಡತಿ ಗಂಟಲು ಸರಿಮಾಡಿಕೊಂಡು, "ನನ್ನ ಕಡೇದೂ ಹಂಗೇ ಬಂತು. ಯಾರ ಹತ್ರಾನೂ ಹೇಳಿರ್ಲಿಲ್ಲ," ಎಂದಳು. ಇನ್ನೊಬ್ಬಳು ಬಾಯಿ ತೆರೆದಳು. ಇಷ್ಟು ವರ್ಷ ಹೆದರಿ ಬಚ್ಚಿಟ್ಟಿದ್ದ ಸುಲಭದ ಹೆರಿಗೆಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಬುಶ್ರಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

ಘಾಲಿಯಾ ಕರುಣೆಯಿಂದ ಹೇಳಿದಳು ಎಂದು ನಾನು ಹೇಳಲಾರೆ. ಆ ಹುಡುಗಿಯ ಕಣ್ಣನ್ನು ಲುತ್ಫಿಯಾಳಿಂದ ತನ್ನ ಕಡೆಗೆ ತಿರುಗಿಸಬೇಕಿತ್ತು, ತಿರುಗಿಸಿದಳು. ಅದಕ್ಕೆ ತೆತ್ತಳು ಕೂಡ. ಅವಳ ಕಿರಿಯ ಮಗುವಿಗೆ ಅದೇ ವಾರ ಜ್ವರ ಬಂತು. ಕಣ್ಣೇ ತಾಗಿತೆಂದು ಅವಳು ಅನ್ನ ಬಿಟ್ಟು ಕೂತಳು. ಜ್ವರ ಇಳಿದ ಮೇಲೆಯೇ ತುತ್ತು ಎತ್ತಿದ್ದು.

ಅಷ್ಟರಲ್ಲಿ ಬುಶ್ರಾ ಕೊಯ್ಯಿಸಿಕೊಳ್ಳುವ ಮಾತು ಬಿಟ್ಟಿದ್ದಳು. ಏನಾದರೂ ಹೆಚ್ಚುಕಮ್ಮಿಯಾದರೆ ತಕ್ಷಣ ಆಸ್ಪತ್ರೆಗೆ, ಕಾರು ಬಾಗಿಲಲ್ಲೇ ನಿಂತಿರಬೇಕು ಎಂದಳು ಹಲೀಮಾ. ಎಲ್ಲರೂ ಒಪ್ಪಿದರು.

"ಹಿಂದೆ ಯಾರು ಕೂರಲಿ?" ಎಂದು ಕೇಳಿದೆ.

"ಘಾಲಿಯಕ್ಕ."

ಬುಶ್ರಾಗೆ ಮೆಂತ್ಯ ಕಡೆಯುವಂಥ ಹೆರಿಗೆ ಆಗಲಿಲ್ಲ. ಬೆಳಿಗ್ಗೆ ಹಿಡಿದ ನೋವು ಹೊತ್ತು ಇಳಿದರೂ ಬಿಡಲಿಲ್ಲ. "ಎಲ್ಲ ಸರಿಯಾಗೇ ಇದೆ, ಚೊಚ್ಚಲು ನಿಧಾನ," ಎನ್ನುತ್ತಿದ್ದಳು ಹಲೀಮಾ. ಬುಶ್ರಾ ಘಾಲಿಯಾಳ ಎದೆಗೆ ಒರಗಿ, "ಸುಳ್ಳಿ! ಮಹಾ ಸುಳ್ಳಿ! ಹಸಿವಾಯ್ತಂತೆ ಇವಳಿಗೆ!" ಎಂದು ಅವಳ ತೋಳು ಕಚ್ಚಿದಳು.

"ಬಯ್ಯಿ ತಾಯಿ. ಉಸಿರು ಬಿಡ್ತಾ ಬಯ್ಯಿ."

ಬಾಗಿಲಾಚೆ ನೀರು ಕಾಯಿಸುತ್ತಿದ್ದ ಲುತ್ಫಿಯಾ, "ನಾನು ಬರ್ಲಾ?" ಎಂದು ಕೂಗಿದಳು.

ಬುಶ್ರಾ ಬಾಯಿ ತೆರೆಯುವ ಮೊದಲೇ ಘಾಲಿಯಾ, "ಬೇಡ!" ಎಂದಳು.

ಹೆಣ್ಣು ಮಗು ಹುಟ್ಟಿತು. ಮೆತ್ತೆ ಪೇರಿಸಿದೆವು, ಹೆಂಗಸರು ಬಂದರು, ಹೆಂಗಾಯ್ತೆಂದು ಕೇಳಿದರು. ಬುಶ್ರಾ ಕಥೆಯನ್ನು ಹಿಗ್ಗಿಸಲೂ ಇಲ್ಲ, ಕುಗ್ಗಿಸಲೂ ಇಲ್ಲ. "ನೋವಾಯ್ತು, ಆಗೋಷ್ಟು. ಇವಳನ್ನ ಕಚ್ಚಿದೆ, ಬೈದೆ. ಇವಳು ಬೆನ್ನು ಬಿಡ್ಲಿಲ್ಲ." ಹೊಸ ಮದುವೆಯ ಹುಡುಗಿಯೊಬ್ಬಳು ಕೂತಲ್ಲಿಂದಲೇ ಘಾಲಿಯಾಳನ್ನು ಕಣ್ಣರಳಿಸಿ ನೋಡಿದಳು.

ಅವರೆಲ್ಲ ಹೋದ ಮೇಲೆ ಲುತ್ಫಿಯಾ ನನ್ನ ಪಕ್ಕ ಬಂದು ಕೂತು, ತಲೆವಸ್ತ್ರದ ಅಂಚು ತಿರುಚುತ್ತಾ, ಘಾಲಿಯಾಗೂ ಕೇಳುವಷ್ಟು ಜೋರಾಗಿ ಹೇಳಿದಳು: "ಮುಂದಿನ ಸಲ ನಾನೂ ಅವಳನ್ನೇ ಕೂರಿಸ್ಕೊಳ್ತೀನಿ ಅತ್ತೆ. ಬುಶ್ರಾ ಒಬ್ಬಳಿಗೇನಾ ಅವಳು?"

"ಆಗ ನೋಡೋಣ," ಎಂದಳು ಘಾಲಿಯಾ, ಮುಖವನ್ನು ಗೋಡೆಯ ಕಡೆ ಮಾಡಿಕೊಂಡು. ನಗು ತಡೆದ ಅವಳ ಕೆನ್ನೆ ಉಬ್ಬಿದ್ದು ನನಗೆ ಕಂಡಿತು.