ತಳ ಹೆರೆಯುವ ಪಟ್ಟಿ

ಪಟ್ಟಿಯ ಅಂಚನ್ನು ಓರೆಯಾಗಿ ಮಸೆಗಲ್ಲಿಗೆ ಒತ್ತಿ ನಾಗರತ್ನಾ ಮುಂದಕ್ಕೆ ಮಾತ್ರ ತಳ್ಳುತ್ತಿದ್ದಳು. ಹಿಂದಕ್ಕೆ ತರುವಾಗ ಎತ್ತಬೇಕು, ಇಲ್ಲದಿದ್ದರೆ ಅಂಚು ದುಂಡಗಾಗುತ್ತದೆ. ನೀರು ಚಿಮುಕಿಸಿದಳು. ಕಲ್ಲಿನ ಮೇಲೆ ಬೂದುಬಣ್ಣದ ಕೆಸರು ಕಟ್ಟಿತು.

ಪಟ್ಟಿ ಅವಳೇ ಮಾಡಿಕೊಂಡದ್ದು. ಹಳೆಯ ಗರಗಸದ ಬ್ಲೇಡನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ತುದಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಹಿಡಿಯುವಲ್ಲಿ ಸೈಕಲ್ ಟ್ಯೂಬು ಸುತ್ತಿದ್ದಳು. ಗಂಡ ಭರಮಪ್ಪ ಮಾಡುವ ಮೊಸರಿನ ಗಡಿಗೆಗಳ ತಳ ಯಾವಾಗಲೂ ದಪ್ಪ. ಅರೆ ಒಣಗಿದಾಗ ಆ ಮಣ್ಣನ್ನು ಹೆರೆದು ತೆಗೆಯದಿದ್ದರೆ ಸುಡುವಾಗ ಬಿರಿಯುತ್ತವೆ. ಹೆರೆಯುವುದು ಅವಳ ಕೆಲಸ. ಬಿರಿದರೆ ಬೈಗುಳವೂ ಅವಳಿಗೇ.

ಹೆಣ್ಣು ಗಡಿಗೆ ಮಾಡುವ ಚಕ್ರವನ್ನು, ತಿಗರಿಯನ್ನು, ಮುಟ್ಟಬಾರದು ಎಂಬುದು ಮನೆಯ ಕಟ್ಟಳೆ. ಕರೆಂಟಿನ ತಿಗರಿ ಬಂದ ಮೇಲೂ ಅದು ಬದಲಾಗಲಿಲ್ಲ. ಹಳೆಯ ಬೇರಿಂಗಿನ ಮೇಲೆ ಹಲಗೆ ಕೂರಿಸಿ, ಗಡಿಗೆಯನ್ನು ಬೋರಲು ಹಾಕಿ, ಎಡಗೈಯಿಂದ ಮೆಲ್ಲಗೆ ತಿರುಗಿಸುತ್ತ ಅವಳು ಹೆರೆಯುತ್ತಿದ್ದಳು.

ಹೋದ ವಾರ ಕುಂಬಾರಿಕೆಯ ತರಬೇತಿ ನಡೆಸುವ ಮೇಡಂ ಬಂದಿದ್ದರು. ಒಂದು ಗಡಿಗೆಯ ತಳದ ಮೇಲೆ ಬೆರಳಾಡಿಸಿ, "ಎಷ್ಟ ಹಗರ ಅದರಿ ಇದು. ಹೆರಿಯೋರು ಯಾರು?" ಎಂದರು.

ನಾಗರತ್ನಾ ಚಹಾ ಹಿಡಿದು ಅಲ್ಲೇ ನಿಂತಿದ್ದಳು.

"ನಾನ ರೀ," ಅಂದ ಭರಮಪ್ಪ.

"ಮತ್ತ ಇವರು?"

"ಆಕಿ ಮಣ್ಣು ತುಳೀತಾಳ್ರಿ. ಈ ಪಟ್ಟಿ ಆಕಿ ಕೈಯಾಗ ಕೊಟ್ರ ಬದನಿಕಾಯಿ ಹೆಚ್ಚತಾಳ."

ಮೇಡಂ ನಕ್ಕರು. ಅತ್ತೆ ರೇವವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಮೇಡಂ ಅವನನ್ನೇ ಅಣ್ಣಿಗೇರಿಯ ತರಬೇತಿಗೆ ಕಲಿಸುವವನೆಂದು ಕರೆದರು. ನಾಳೆ ಅವನು ಕಲಿಯಲು ಬಂದವರೆದುರು ಕರೆಂಟಿನ ತಿಗರಿಯ ಮೇಲೆ ತಳ ಹೆರೆದು ತೋರಿಸಬೇಕು.

"ಮುಗೀತೇನಲೇ?" ಭರಮಪ್ಪ ಕಟ್ಟೆಯ ಮೇಲಿನಿಂದ ಕೇಳಿದ.

"ಇನ್ನೊಂದೀಟ ಐತ್ರಿ."

"ಛಲೋತ್ನಂಗ ಮಸಿ. ಮಂದಿ ಮುಂದ ಮಾನ ಹೋಗಬಾರದು."

"ಯಾರ ಮಾನ್ರಿ?"

ಜೋಳ ಹಸನು ಮಾಡುತ್ತಿದ್ದ ರೇವವ್ವ ಮೊರ ಕೆಳಗಿಟ್ಟಳು. "ಗಂಡನ ಮಾನ ಬ್ಯಾರೆ, ನಿನ್ನ ಮಾನ ಬ್ಯಾರೆ ಏನವಾ? ಹೆರದದ್ದು ಯಾರಾದ್ರೇನು, ಗಡಿಗಿ ಮನೀದು."

ನಾಗರತ್ನಾ ಪಟ್ಟಿ ತಿರುವಿ ಹಿಂಬದಿಗೆ ಹೆಬ್ಬೆರಳು ಸವರಿದಳು. ಕೂದಲೆಳೆಯಂಥ ತರಿ ಎದ್ದಿತ್ತು. ಹಳೇ ಚಪ್ಪಲಿಯ ಚರ್ಮದ ಮೇಲೆ ಎಳೆದೆಳೆದು ಅದನ್ನು ತೆಗೆದಳು.

ಗಂಡ, ಅತ್ತೆ ಇಬ್ಬರೂ ಗುಡಗೇರಿ ಸಂತೆಗೆ ಹೋದ ಒಂದು ದಿನ ಅವಳು ಬಾಗಿಲು ಹಾಕಿಕೊಂಡು ಕರೆಂಟಿನ ತಿಗರಿಗೆ ಕೂತಿದ್ದಳು. ಹಲಗೆಯ ಮೇಲೆ ಹೇಳಿದಂತೆ ಕೇಳುವ ಪಟ್ಟಿ ಅಲ್ಲಿ ಗಬಕ್ಕನೆ ಮಣ್ಣು ಕಚ್ಚಿ ಗಡಿಗೆಯನ್ನು ಗೋಡೆಗೆ ಎಸೆದಿತ್ತು. ಮೊಂಡ ಪಟ್ಟಿಯಾದರೆ ಜಾರುತ್ತದೆ, ಹರಿತವಾದದ್ದು ಕಚ್ಚುತ್ತದೆ. ಭರಮಪ್ಪ ಸೊಟ್ಟಗಾದವೆಂದು ಬದಿಗಿಟ್ಟಿದ್ದ ಹಲವು ಗಡಿಗೆ ಕೆಟ್ಟ ಮೇಲೆ ಕೈಗೆ ತಿಳಿಯಿತು: ಮೊಣಕೈಯನ್ನು ತೊಡೆಗೆ ಊರಬೇಕು, ಪಟ್ಟಿಯ ತುದಿ ತಗ್ಗಿರಬೇಕು, ಒತ್ತಬಾರದು. ಕೊನೆಯ ಗಡಿಗೆಯಿಂದ ಮಣ್ಣು ಈರುಳ್ಳಿ ಸಿಪ್ಪೆಯಂತೆ ಸುರುಳಿಯಾಗಿ ಬಿತ್ತು. ಅದರ ಖುಷಿಯನ್ನು ಯಾರಿಗೂ ಹೇಳುವಂತಿರಲಿಲ್ಲ. ಎಲ್ಲವನ್ನೂ ಒಡೆದು ಮಣ್ಣಿನ ಗುಂಡಿಯಲ್ಲಿ ನೆನೆಹಾಕಿ, ತಿಗರಿ ಒರೆಸಿಟ್ಟಿದ್ದಳು.

ಈಗ ಪಟ್ಟಿಯನ್ನು ತೊಳೆದು, ಒಣ ಅರಿವೆಯಿಂದ ಒರೆಸಿ, ತುಕ್ಕು ಹಿಡಿಯದಂತೆ ಔಡಲೆಣ್ಣೆ ಸವರಿದಳು. ಇಷ್ಟು ಚೆನ್ನಾಗಿ ಅದನ್ನು ಅವಳು ತನಗಾಗಿಯೂ ಎಂದೂ ಮಸೆದಿರಲಿಲ್ಲ.

ಭರಮಪ್ಪ ಬಂದು ಕೈಯೊಡ್ಡಿದ. ಪಟ್ಟಿ ಹಿಡಿದು ಗಾಳಿಯಲ್ಲಿ ಆಡಿಸಿ ನೋಡಿದ. ಮೊಣಕೈ ಕೋಳಿಯ ರೆಕ್ಕೆಯಂತೆ ಹೊರಗೆ ಚಾಚಿತ್ತು. ಒಂದು ಕ್ಷಣ ದನಿ ತಗ್ಗಿಸಿದ. "ಹಿಡಿಯೂದರಾಗ ಮತ್ತೇನರ ಐತೇನು?"

ಮೊರ ಬದಿಗಿಟ್ಟ ರೇವವ್ವ ಇತ್ತಲೇ ಕಿವಿಗೊಟ್ಟಿದ್ದಳು.

ಹೇಳಿದರೆ ತಿಗರಿಗೆ ಕೂತದ್ದನ್ನೂ ಹೇಳಬೇಕಾಗುತ್ತಿತ್ತು. ಆದರೆ ಅವಳ ನಾಲಿಗೆ ಹಿಡಿದದ್ದು ಆ ಅಂಜಿಕೆಯಲ್ಲ. ಹಿಡಿದದ್ದು ಆ ಬದನೆಕಾಯಿಯ ಮಾತು; ಅದು ಅವಳಿಗೂ ಗೊತ್ತಿತ್ತು.

"ಕೈ ಜ್ವಾಕಿರಿ," ಅಂದಳು. "ಅಗದಿ ಹರಿತ ಐತಿ."

"ಅಷ್ಟ ಹೌದಿಲ್ಲೋ?"

"ಹೌದ್ರಿ."

ಅವನು ಪಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ನಾಗರತ್ನಾ ಮಸೆಗಲ್ಲಿನ ಕೆಸರು ತೊಳೆಯತೊಡಗಿದಳು. ಮೊಣಕೈಯನ್ನು ತೊಡೆಗೆ ಊರುವ ಮಾತನ್ನು ನಾಳೆ ಬೆಳಿಗ್ಗೆ, ಅವನು ಬಸ್ಸಿಗೆ ಹೊರಟಾಗಲೂ, ಅವಳು ಹೇಳುವುದಿಲ್ಲ.