ಓದಿ ಹೇಳಿದ ಚೀಟಿ

ಎರಡು ವಾರದೊಳಗೆ ಎಂದರೆ ಹದಿನಾಲ್ಕೇ ದಿನ ಎಂದು ಅರ್ಥವೇ? ಆಸ್ಪತ್ರೆಯವರು ಎಲ್ಲರಿಗೂ ಹಾಗೇ ಬರೆದು ಹೆದರಿಸುವುದಿಲ್ಲವೇ? ತಡವಾದರೆ ಏನಾಗುತ್ತದೆಂದು ಆ ಚೀಟಿಯಲ್ಲಿ ಎಲ್ಲಿ ಬರೆದಿತ್ತು?

ದೊಡ್ಡಾಸ್ಪತ್ರೆಯಿದ್ದ ಮ್ವಾಂಜಾ ಪಟ್ಟಣಕ್ಕೆ ಹೊರಟ ದೋಣಿಹಡಗಿನ ಬೆಂಚಿನಲ್ಲಿ ಕೂತು ಮಸಾತು ನಾಲ್ಕು ತಿಂಗಳಿನಿಂದ ಕೇಳಿಕೊಂಡದ್ದನ್ನೇ ಮತ್ತೆ ಕೇಳಿಕೊಳ್ಳುತ್ತಿದ್ದ. ಚೀಟಿ ಅವನ ಅಂಗಿಜೇಬಿನಲ್ಲೇ ಇತ್ತು. ಪಕ್ಕದಲ್ಲಿ ತಂಗಿ ನ್ಯಾಬ್ವಿರೆ ಬಲಗಿವಿಗೆ ಬಟ್ಟೆ ಒತ್ತಿ ಹಿಡಿದಿದ್ದಳು.

"ಯಾಕಣ್ಣಾ, ಮುಖ ಹಂಗೆ ಮಾಡ್ಕೊಂಡಿದೀಯ? ಕಿವಿ ನಂದು, ನೋವು ನಿಂಗಾ?"

"ಸುಮ್ನಿರೆ. ಗಾಳಿ ಜಾಸ್ತಿ ಇದೆ, ಅಷ್ಟೇ."

ನ್ಯಾಬ್ವಿರೆಯ ಚರ್ಮಕ್ಕೆ, ಕೂದಲಿಗೆ ಹುಟ್ಟಿನಿಂದಲೇ ಬಣ್ಣವಿರಲಿಲ್ಲ. ಕಣ್ಣೂ ಮಂದ. ಕಾಗದವನ್ನು ಮೂಗಿಗೆ ತಾಗಿಸಿಕೊಂಡರೂ ಅಕ್ಷರಗಳು ಅಲುಗಾಡುತ್ತವೆ ಎನ್ನುತ್ತಿದ್ದಳು. ಅವಳಿಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವನು ಮಸಾತುವೇ.

ನಾಲ್ಕು ತಿಂಗಳ ಹಿಂದೆ ಅವರ ದ್ವೀಪಕ್ಕೆ ಬಂದಿದ್ದ ನರ್ಸ್ ಅವಳ ಕಿವಿಯಂಚಿನ ಸಣ್ಣ ಹುಣ್ಣನ್ನು ನೋಡಿ ಚೀಟಿ ಬರೆದುಕೊಟ್ಟಿದ್ದಳು. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. "ಎಲ್ಲಾ ಇದ್ರಲ್ಲಿ ಬರ್ದಿದೀನಿ, ಮನೇಲಿ ಓದಿಸ್ಕೋ," ಎಂದು ಕಳಿಸಿದ್ದಳು.

ಮಾರನೆಯ ದಿನದಿಂದ ಚಂದ್ರನಿಲ್ಲದ ಪಕ್ಷ ಶುರುವಾಗುವುದಿತ್ತು. ದೀಪ ಹಚ್ಚಿಕೊಂಡು ಹೋದ ದೋಣಿಗಳು ಸಣ್ಣ ಮೀನನ್ನು ರಾಶಿ ರಾಶಿಯಾಗಿ ತರುವ ದಿನಗಳು ಅವೇ. ಹಗಲೆಲ್ಲ ಅವನ್ನು ಬಲೆಯ ಮೇಲೆ ಹರಡಿ ಒಣಗಿಸಬೇಕು. ಯಾವುದು ಒಣಗಿತು, ಯಾವುದು ಇನ್ನೂ ಹಸಿ ಎಂದು ನ್ಯಾಬ್ವಿರೆಯ ಬೆರಳಿಗೆ ಗೊತ್ತಾಗುವಷ್ಟು ಆ ದಂಡೆಯಲ್ಲಿ ಯಾರ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಹಸಿ ಉಳಿದರೆ ಇಡೀ ಚೀಲ ಕೊಳೆಯುತ್ತದೆ.

"ಏನ್ ಬರ್ದಿದಾರಣ್ಣಾ?" ಎಂದು ಅವಳು ಆ ಸಂಜೆ ಚೀಟಿ ಕೊಟ್ಟು ಕೇಳಿದ್ದಳು.

"ಅನುಕೂಲವಾದಾಗ ದೊಡ್ಡಾಸ್ಪತ್ರೆಗೆ ಬನ್ನಿ ಅಂತ."

"ಹಂಗಾದ್ರೆ ಈ ಕತ್ತಲು ಮುಗೀಲಿ ಬಿಡು."

ಆ ಕತ್ತಲು ಮುಗಿಯಿತು. ಮತ್ತೊಂದು ಬಂತು. ಪ್ರತಿ ಸಲವೂ ಇದೊಂದು ಮುಗಿಯಲಿ ಎಂದು ಅವಳೇ ಹೇಳಿದಳು. ಹೇಳಲಿ ಎಂದು ಅವನು ಕಾದ. ಬಗ್ಗಿ ಮೀನು ತಿರುವುವಾಗ ಅವಳ ಟೋಪಿ ಜಾರುವುದು, ಆ ಕಿವಿಯ ಮೇಲೆ ನಡುಹಗಲಿನ ಬಿಸಿಲು ಬೀಳುವುದು ದೋಣಿ ತೊಳೆಯುತ್ತಿದ್ದ ಅವನಿಗೆ ಕಾಣುತ್ತಿತ್ತು. ಅವನು ಇನ್ನೊಂದು ಬಕೆಟ್ ನೀರು ಎತ್ತಿ ಸುರಿಯುತ್ತಿದ್ದ. ಹುಣ್ಣು ದೊಡ್ಡದಾಗಿ ರಕ್ತ ಸೋರತೊಡಗಿದ ಮೇಲೆಯೇ ಇಬ್ಬರೂ ದೋಣಿಹಡಗು ಹತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಿವಿಯನ್ನು ನೋಡಿ, ಕುತ್ತಿಗೆಯನ್ನು ಎರಡೂ ಕಡೆ ಒತ್ತಿ ಒತ್ತಿ ಮುಟ್ಟಿದರು.

"ಇದು ಬಿಸಿಲಿಂದ ಬರೋ ಚರ್ಮದ ಕ್ಯಾನ್ಸರ್ ಥರಾನೇ ಇದೆ. ನಿಮ್ಮಂಥ ಚರ್ಮದವರಲ್ಲಿ ದಿನಾ ನೋಡ್ತೀವಿ. ಹೆದರ್ಬೇಡ, ಕುತ್ತಿಗೇಲಿ ಗಂಟು ಸಿಗ್ತಿಲ್ಲ. ಕತ್ತರಿಸಿ ತೆಗೀತೀವಿ. ಆದ್ರೆ ಕಿವಿಯ ಮೇಲರ್ಧ ಹೋಗತ್ತೆ ಕಣಮ್ಮ. ಶುರುವಾದಾಗ ಎಷ್ಟಿತ್ತು?"

"ಅಕ್ಕಿಕಾಳಷ್ಟು. ನಾಲ್ಕು ತಿಂಗಳ ಹಿಂದೆ."

"ಆಗ್ಲೇ ಬಂದಿದ್ರೆ ಅಂಚಲ್ಲಿ ಒಂಚೂರು ತೆಗೆದು, ನಾಲ್ಕು ಹೊಲಿಗೆ ಹಾಕಿ ಕಳಿಸ್ತಿದ್ವಲ್ಲ! ಯಾರೂ ಹೇಳ್ಲಿಲ್ವಾ?"

"ಅನುಕೂಲವಾದಾಗ ಬನ್ನಿ ಅಂತ ಚೀಟಿ ಕೊಟ್ಟಿದ್ರು, ಡಾಕ್ಟರಮ್ಮ."

"ಹಾಗೆ ಬರೆಯೋದೇ ಇಲ್ಲ ನಾವು. ಎಲ್ಲಿ ಆ ಚೀಟಿ?"

ಇಬ್ಬರೂ ಮಸಾತುವಿನ ಕಡೆ ತಿರುಗಿದರು.

"ಕಳೆದುಹೋಯ್ತು," ಎಂದ ಅವನು. ಜೇಬಿನ ಮೇಲೆ ಕೈ ತಾನಾಗಿ ಹೋಗಿತ್ತು. ಅದನ್ನು ಕೆಳಗಿಳಿಸಿದ.

"ಆ ನರ್ಸ್ ಹೊಸಬಳು, ಪಾಪ," ಎಂದಳು ನ್ಯಾಬ್ವಿರೆ. "ತಪ್ಪಿ ಬರ್ದಿರ್ಬೇಕು."

ಡಾಕ್ಟರಮ್ಮ ಅವನ ಮುಖವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿ, ಏನೋ ಬರೆಯತೊಡಗಿದರು.

ಮರಗಟ್ಟಿಸುವ ಸೂಜಿ ಚುಚ್ಚಿ ಕಿವಿಯ ಕೆಟ್ಟ ಭಾಗವನ್ನು ತೆಗೆದರು. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದರು. ಅಂಚಿನಲ್ಲಿ ರೋಗ ಉಳಿದಿದ್ದರೆ ಇನ್ನಷ್ಟು ಕತ್ತರಿಸಬೇಕಾಗುತ್ತಿತ್ತು. ಕ್ಯಾನ್ಸರೇ ಹೌದು, ಅಂಚು ಶುದ್ಧವಾಗಿದೆ ಎಂಬ ಸುದ್ದಿ ಬರಲು ಹನ್ನೆರಡು ದಿನ ಹಿಡಿಯಿತು. ಅಲ್ಲಿಯವರೆಗೆ ಮಸಾತು ಅವಳ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಅಣ್ಣನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ನ್ಯಾಬ್ವಿರೆ ವಾರ್ಡಿನವರಿಗೆಲ್ಲ ಹೇಳಿಕೊಂಡಳು.

ಊರಿಗೆ ಮರಳಿದ ಮೇಲೆ ಅವನು ಅವಳನ್ನು ದಂಡೆಗೆ ಬಿಡಲಿಲ್ಲ. ಹುಲ್ಲಿನ ಚಪ್ಪರ ಹಾಕಿ, ಅದರ ನೆರಳಿಗೇ ಹಿಡಿ ಹಿಡಿ ಮೀನು ತಂದು ಅವಳ ಬೆರಳಿಗೆ ತೋರಿಸಿದ. ಆ ಕತ್ತಲಿನಲ್ಲಿ ಒಂದು ಚೀಲವೂ ಕೆಡಲಿಲ್ಲ.

ಚಪ್ಪರ ಮೊದಲೇ ಹಾಕಬಹುದಿತ್ತು. ಕಟ್ಟಲು ಅರ್ಧ ದಿನ ಸಾಕಾಗಿತ್ತು.

"ಡಾಕ್ಟರಮ್ಮ ಕೊಟ್ಟ ಹೊಸ ಚೀಟಿ ಓದಣ್ಣಾ," ಎಂದಳು ಒಂದು ಮಧ್ಯಾಹ್ನ.

"ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಟೋಪಿ, ತೋಳುದ್ದದ ಅಂಗಿ, ಮುಲಾಮು ಬಿಡಬಾರದು. ಎಲ್ಲಿ ಹುಣ್ಣಾಗಿ ಮಾಯದಿದ್ದರೂ ಕೂಡಲೇ ಬರಬೇಕು." ಅವನು ಒಂದಕ್ಷರ ಬಿಡದೆ ಓದಿದ. ಅವಳು ಕೇಳದಿದ್ದರೂ ಇನ್ನೊಮ್ಮೆ ಓದಿದ.

"ನೋಡು, ಇವ್ರು ಎಷ್ಟು ಸರಿಯಾಗಿ ಬರ್ದಿದಾರೆ!" ಅವಳು ಉಳಿದ ಅರ್ಧ ಕಿವಿಯನ್ನು ಮುಟ್ಟಿಕೊಂಡು ನಕ್ಕಳು. "ಆ ನರ್ಸ್ ಮತ್ತೆ ಬಂದ್ರೆ ಬೈತೀನಿ ನೋಡ್ತಿರು."

ಮಸಾತು ಚೀಟಿ ಮಡಚಿ ಅವಳ ಕೈಗೆ ಕೊಟ್ಟ. ನರ್ಸ್ ತಪ್ಪಿ ಬರೆದಿರಲಿಲ್ಲ, ತಾನೇ ತಪ್ಪಾಗಿ ಓದಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.