ತುಬಚಿಯ ತಾಯಿಗೆ ಹೇಳಿದ ಮಾತು

ಬಾಳಾಸಾಹೇಬ ಡಾಕ್ಟರು ಮುಂಬಯಿಯಲ್ಲಿ ಮಕ್ಕಳ ವೈದ್ಯಕೀಯ ಕಲಿತು ಜಮಖಂಡಿಗೆ ಮರಳಿದವರು. ಜೀವ ಹೋಗುವ ಹೊತ್ತಿನಲ್ಲಿ ತಂದ ಕೂಸನ್ನು ಉಳಿಸಿಕೊಳ್ಳುವುದು ಹೇಗೆಂದು ತಮ್ಮ ದವಾಖಾನೆಯ ಎಳೆಯ ಡಾಕ್ಟರರಿಗೆ ಕಲಿಸುತ್ತಿದ್ದರು. "ದೊಡ್ಡವರ ಔಷಧ ಅರ್ಧಾ ಮಾಡಿದ್ರ ಕೂಸಿನ ವೈದ್ಯ ಆಗೂದಿಲ್ಲ" ಎನ್ನುತ್ತಿದ್ದರು. ಆ ಎಳೆಯ ಡಾಕ್ಟರರಲ್ಲಿ ಬನಹಟ್ಟಿಯ ನೇಕಾರರ ಮಗಳು ಮಾದೇವಿಯದೇ ಚುರುಕು ಕೈ.

ಸುಗ್ಗಿಯ ಒಂದು ಮಧ್ಯಾಹ್ನ ತುಬಚಿ ಹಳ್ಳಿಯ ಅನಸವ್ವ ಎರಡು ವರ್ಷದ ಮಗ ಹುಲೆಪ್ಪನನ್ನು ಎದೆಗವಚಿಕೊಂಡು ಒಳಗೆ ನುಗ್ಗಿದಳು. ಶೇಂಗಾ ತಿನ್ನುತ್ತ ನಕ್ಕಾಗ ಕಾಳು ಉಸಿರುನಾಳಕ್ಕೆ ಇಳಿದಿತ್ತು. ದಾರಿಯುದ್ದಕ್ಕೂ ಏದುಸಿರು ಬಿಟ್ಟ ಹುಡುಗ ಬಾಗಿಲಿಗೆ ಬರುವಷ್ಟರಲ್ಲಿ ನೀಲಿಗಟ್ಟಿದ್ದ.

"ನೀನ ಮಾಡವಾ, ನಾ ಇಲ್ಲೇ ಅದೇನಿ" ಎಂದರು ಬಾಳಾಸಾಹೇಬರು.

ಮಾದೇವಿ ಹುಡುಗನನ್ನು ಬೋರಲು ಹಿಡಿದು ಬೆನ್ನು ತಟ್ಟಿದಳು. ಗಂಟಲಲ್ಲಿ ಬೆಳಕು ಬಿಟ್ಟು ಇಕ್ಕಳ ಇಳಿಸಿದಳು. ಕಾಳು ಅದಕ್ಕೂ ಕೆಳಗೆ ಸರಿದಿತ್ತು. ನಳಿಗೆ ಹಾಕಿ ಗಾಳಿ ಊದಿದಳು, ಎದೆ ಒತ್ತಿದಳು, ಒತ್ತುತ್ತಲೇ ಇದ್ದಳು.

ಹುಡುಗನ ಎದೆ ಮತ್ತೆ ಬಡಿಯಲಿಲ್ಲ. ಬಾಳಾಸಾಹೇಬರು ಅವಳ ಕೈ ಹಿಡಿದು ನಿಲ್ಲಿಸಿದರು. "ಸಾಕವಾ. ನಿನ್ನ ಕೈ ಎಲ್ಲೂ ತಪ್ಪಿಲ್ಲ."

"ಮತ್ತ ಯಾಕ ಹೋದ, ಸರ್?"

ಅವರು ಬಾಗಿಲ ಕಡೆ ನೋಡಿದರು. "ಹೊರಗ ಅವನ ತಾಯಿ ಕುಂತಾಳ. ಆಕೀಗೆ ಹೇಳೂದೂ ನಮ್ಮ ಕೆಲಸನ" ಎಂದರು.

ಮಾದೇವಿ ನಳಿಗೆ ತೆಗೆದು, ಹುಡುಗನ ಮುಖ ಒರೆಸಿ, ಹೊರಗೆ ಹೋಗಿ ನೆಲದ ಮೇಲೆ ಅನಸವ್ವನ ಪಕ್ಕ ಕುಳಿತಳು. "ನಿಮ್ಮ ಹುಲೆಪ್ಪ ತೀರಿಕೊಂಡಾನ್ರಿ, ಅವ್ವಾ."

ಅನಸವ್ವ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಶೇಂಗಾ ನಾನ ಸುಲದು ಕೊಟ್ಟೇನ್ರೀ, ಬಾಯಾರ."

ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಹುಡುಗನ ದೇಹವನ್ನು ಊರಿಗೆ ಒಯ್ಯುವ ದವಾಖಾನೆಯ ಜೀಪನ್ನು ಮಾದೇವಿಯೂ ಹತ್ತಿದಳು.

ತುಬಚಿಯಲ್ಲಿ ಅನಸವ್ವನ ಅತ್ತೆ ಯಂಕವ್ವ ಎದೆ ಬಡಿದುಕೊಳ್ಳುತ್ತ ಸೊಸೆಯ ಮೇಲೆ ಏರಿಬಂದಳು. "ಸಣ್ಣ ಹುಡುಗಗ ಶೇಂಗಾ ಕೊಡತಾರೇನ? ನನ್ನ ಮೊಮ್ಮಗನ್ನ ತಿಂದ್ಯಲ್ಲಬೇ!"

ಮಾದೇವಿ ನಡುವೆ ನಿಂತಳು. "ಆಕೀಗೆ ಅನಬ್ಯಾಡ್ರಿ, ಆಯೀ. ಹುಡುಗ ಹೋಗಿದ್ದು ನನ್ನ ಕೈಯಾಗ. ಅನ್ನೂದಿದ್ರ ನನಗ ಅನ್ರಿ."

ಯಂಕವ್ವ ಅವಳ ಮುಖ ನೋಡಿದಳು. "ನಿನಗೇನ ಅನ್ನಲೆ, ಮಗಳ?" ಎಂದವಳೇ ಕುಸಿದು, ಸೊಸೆಯನ್ನು ತಬ್ಬಿಕೊಂಡು ಅತ್ತಳು.

ಮಾದೇವಿ ಮರಳಿದಾಗ ಬೀಳಗಿಯ ಕಡೆಯಿಂದ ವಾಂತಿಭೇದಿಯಿಂದ ಬಳಲಿ ಅಳಲೂ ಆಗದ ಕೂಸೊಂದು ಬಂದಿತ್ತು. ಬಾಳಾಸಾಹೇಬರು ಸರಿದು ಅವಳಿಗೆ ಜಾಗ ಬಿಟ್ಟರು. ಮಾದೇವಿ ಸಲೈನ್ ಹಚ್ಚಲು ಕುಳಿತಳು. ಮೊದಲ ಸಲ ಸೂಜಿ ತಪ್ಪಿತು. ಎರಡನೆಯ ಸಲ ನರ ಸಿಕ್ಕಿತು. ಕೂಸು ಕಿರುಚಿ ಅತ್ತಿತು. ಆ ಅಳು ಕೇಳಿದ ಮೇಲೆಯೇ ಮಾದೇವಿಗೂ ಅಳು ಬಂತು.